ಕೊಸರು ಸೇರಿದ ಸರಾಸರಿ

ಉಪ್ಪಿನಕಾಯಿ ಜಾಡಿ ಎಂದೇ ನನ್ನ ನೆನಪು. ಅಕ್ಕ ಮಾತ್ರ ಇಂದಿಗೂ, "ಜಾಡಿ ಅಲ್ಲ ಕಣೋ, ಅಜ್ಜಿಯ ರಾಗಿ ಗುಡಾಣ" ಎನ್ನುತ್ತಾಳೆ. ಆ ದಿನ ಅವಳು ಗುಬ್ಬಿಯಲ್ಲಿ ಇರಲೇ ಇಲ್ಲ, ಕುಣಿಗಲ್ಲಿನಲ್ಲಿದ್ದಳು. ಆದರೂ ಅವಳ ನೆನಪು ನನ್ನದಕ್ಕಿಂತ ಗಟ್ಟಿ. ನನ್ನ ಕಡೆಗಿರುವ ಸಾಕ್ಷಿ ಒಂದೇ, ವಾಸನೆ. ಅದರೊಳಗೆ ಹಾಕಿದ್ದ ಚೀಟಿಗಳನ್ನು ಮುಟ್ಟಿದ ಬೆರಳು ಎರಡು ದಿನ ಮಾವಿನಕಾಯಿ, ಇಂಗಿನ ವಾಸನೆ ಹೊಡೆಯುತ್ತಿತ್ತು. ವಾಸನೆಯನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ ಎಂದು ನಾನು ವಾದಿಸಿದರೆ ಅಕ್ಕ, "ನೀನು ಉಪ್ಪಿನಕಾಯಿ ಇಲ್ದೆ ಊಟಕ್ಕೆ ಕೂತಿದ್ದು ಯಾವತ್ತು?" ಎಂದು ಕೇಳುತ್ತಾಳೆ.

ಅರವತ್ತೊಂದೋ ಅರವತ್ತೆರಡೋ ಇಸವಿ ಇರಬೇಕು. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ತುಮಕೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಇರುತ್ತಿದ್ದುದು ಗುಬ್ಬಿಯಲ್ಲಿ, ಅಜ್ಜಿಯ ಜೊತೆ. ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವ ವಯಸ್ಸು. ಅಜ್ಜಿ ಅಂಗಳಕ್ಕೆ ಬಂದು ಆಕಾಶ ನೋಡಿ "ಇವತ್ತು ಮಳೆ ಬರ್ತದೆ" ಅಂದರೆ ಸಾಕು, ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಹಾಕುತ್ತಿದ್ದೆ. ಮಳೆ ಬಂದರೆ ಅದರ ಪಕ್ಕ ಇನ್ನೊಂದು. ಒಂದು ತಿಂಗಳಾದ ಮೇಲೆ ಎಣಿಸಿ ನೋಡಿ ಅವಳ ಭವಿಷ್ಯದ ಬೆಲೆ ಎಷ್ಟೆಂದು ಹೇಳುವುದು ನನ್ನ ಉದ್ದೇಶ. ತಿಂಗಳು ತುಂಬುವ ಮೊದಲೇ ಅಜ್ಜಿ ಆ ಗೋಡೆಗೆ ಸುಣ್ಣ ಬಳಿದುಬಿಟ್ಟಳು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕುಣಿಗಲ್ಲಿನಿಂದ ತುಮಕೂರಿಗೆ ಬರುವ ಬೆಳಗಿನ ಬಸ್ಸಿನ ಡ್ರೈವರ್. ಬಸ್ಸಿನ ಮಾಲೀಕರು ತುಮಕೂರಿನವರು. ಶಿರಾ ಗೇಟ್ ಹತ್ತಿರ ಅವರದೊಂದು ಕೊಬ್ಬರಿ ಮಂಡಿ ಇತ್ತು. ಕೊಬ್ಬರಿಯ ಜೊತೆ ಎರಡು ಬಸ್ಸು. ಎಲ್ಲರೂ ಅವರನ್ನು ಸಾಹುಕಾರರು ಎನ್ನುತ್ತಿದ್ದರು. ಅಕ್ಕನಿಗೆ ಆ ವರ್ಷ ಜೂನ್‌ನಲ್ಲಿ ಹೆಬ್ಬೂರಿಗಿಂತ ಈಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ನಮ್ಮ ಮನೆತನದಲ್ಲಿ ಕೆಲಸಕ್ಕೆ ಹೋದ ಮೊದಲ ಹೆಂಗಸು ಅವಳೇ. ಗಂಡನ ಬಸ್ಸಿನಲ್ಲೇ ಹೋಗಿ ಶಾಲೆಯ ಮುಂದೆ ಇಳಿಯುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಭಾವ ಗುಬ್ಬಿಗೆ ಬಂದ. ಟೋಪಿಯನ್ನು ಮೊಳೆಗೆ ನೇತುಹಾಕದೆ ಕೈಯಲ್ಲೇ ಹಿಡಿದು ಕೂತ.

"ಸಾಹುಕಾರ್ರು ನನ್ನ ಪಾವಗಡದ ಲೈನಿಗೆ ಹಾಕ್ತಾರಂತೆ ಕಣಯ್ಯ."

"ಯಾಕೆ?"

"ಬಸ್ಸು ಲೇಟು ಅಂತ ದೂರು ಬಂದು ಹತ್ತು ದಿನ ಗುಮಾಸ್ತನ ಕೈಲಿ ಟೈಮ್ ಬರ್ಸವ್ರೆ. ಸರಾಸರಿ ಎಂಬತ್ತು ನಿಮಿಷ ಬಂದದಂತೆ. ನನ್ ಗಾಡಿ ಎಪ್ಪತ್ತೈದೇ ಕಣಯ್ಯ, ಯಾವತ್ತೂ ಅಷ್ಟೇ. ಏನೋ ಹತ್ತು ದಿನ ಗ್ರಹಚಾರ ಕೆಟ್ಟಿತ್ತು. ಒಂದಿನ ದನ ಅಡ್ಡ ಬಂದ್ವು, ಒಂದಿನ ಸಂತೆ. ಅದಕ್ಕೆ ಪಾವಗಡವಾ?"

ಪಾವಗಡಕ್ಕೆ ಹೋದರೆ ಸಂಸಾರ ಅಲ್ಲಿಗೇ ಹೋಗಬೇಕು. ಸಂಸಾರ ಹೋದರೆ ಅಕ್ಕನ ಕೆಲಸ ಹೋದಂತೆ. ಭಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿ ಹೇಳಿದಳು: "ಆ ಹುಡುಗಿ ಈಗ್ತಾನೆ ಸ್ಲೇಟು ಬಳಪ ಹಿಡ್ಕೊಂಡು ನಗ್ತಾ ಅವ್ಳೆ. ಏನಾರ ಮಾಡ್ಲಾ. ಅಷ್ಟೊಂದು ಓದಿದೀಯಲ್ಲ."

ನನಗೆ ಬೇಕಾಗಿದ್ದೂ ಅದೇ ಮಾತು. ಭಾವನ ಮಾತಿನಲ್ಲಿ ನನಗೆ ಕಂಡದ್ದು ಕಷ್ಟವಲ್ಲ, ಒಂದು ಲೆಕ್ಕ. ಬಸ್ಸಿನ ನಿಜವಾದ ಸರಾಸರಿ ಎಪ್ಪತ್ತೈದೇ ಆಗಿದ್ದು, ಬರೀ ಗ್ರಹಚಾರದಿಂದ ಹತ್ತು ದಿನದ ಸರಾಸರಿ ಎಂಬತ್ತಕ್ಕೆ ಏರಬಹುದೇ? ಏರುವುದಾದರೆ ಎಷ್ಟು ಸಲಕ್ಕೊಮ್ಮೆ?

ಅವತ್ತೇ ಸಂಜೆ ಮಂಡಿಗೆ ಹೋದೆ. ಸಾಹುಕಾರರು ಕೊಬ್ಬರಿ ರಾಶಿಯ ಪಕ್ಕ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಹತ್ತು ದಿನ ನೋಡಿ ತೀರ್ಪು ಕೊಡುವುದು ಸರಿಯಲ್ಲ ಎಂದೆ.

"ಯಾಕ್ ಸರಿಯಲ್ಲ? ಒಂದು ಗೋಣಿಯಿಂದ ಹತ್ತು ಕೊಬ್ಬರಿ ಬಟ್ಲು ತೆಗೆದು ನೋಡಿ ಇಡೀ ಗೋಣೀನೇ ಒಪ್ಕೊತೀನಿ, ಇಲ್ಲ ವಾಪಸ್ ಕಳಿಸ್ತೀನಿ. ನಮ್ಮಪ್ಪನೂ ಹಂಗೇ ಮಾಡ್ತಿದ್ರು."

"ಒಳ್ಳೇ ಗೋಣಿಯಿಂದಲೇ ಒಂದೊಂದು ಸಲ ಹತ್ತೂ ಸುಮಾರಾದ ಬಟ್ಟಲೇ ಕೈಗೆ ಬರಲ್ವ?"

"ಬರ್ತವೆ."

"ಎಷ್ಟು ಸಲಕ್ಕೊಂದ್ಸಲ?"

ಸಾಹುಕಾರರು ಮೆಲ್ಲುವುದನ್ನು ನಿಲ್ಲಿಸಿದರು. "ಅದನ್ನ ನೀವು ಹೇಳ್ತೀರಾ ಮೇಷ್ಟ್ರೇ?"

"ಹೇಳ್ತೀನಿ. ಹಿಂದಿನ ವರ್ಷದ ರಿಜಿಸ್ಟರ್ ಕೊಡಿ."

ಕೊಟ್ಟರು. ಹಿಂದಿನ ವರ್ಷ ಇದೇ ಬಸ್ಸಿನ ಮೇಲೆ ಯಾರ ದೂರೂ ಇರಲಿಲ್ಲ. ಅದರಿಂದ ನೂರು ದಿನದ ಸಮಯವನ್ನು ಕಾಲೇಜಿನ ಉತ್ತರ ಪತ್ರಿಕೆಯ ಹಾಳೆ ಕತ್ತರಿಸಿ ನೂರು ಚೀಟಿಗಳ ಮೇಲೆ ಬರೆದೆ. ಎಲ್ಲ ಕೂಡಿ ನೂರರಿಂದ ಭಾಗಿಸಿದರೆ ಎಪ್ಪತ್ತೈದು. ಅರವತ್ತರ ಆಸುಪಾಸಿನವೂ ಇದ್ದವು, ತೊಂಬತ್ತು ದಾಟಿದವೂ ಇದ್ದವು. ಅವನ್ನೆಲ್ಲ ಮಡಿಸಿ ಜಾಡಿಗೆ ಹಾಕಿದೆ. ಈಗ ಜಾಡಿ ಭಾವನ ಮಾತನ್ನು ನಂಬಿದ ಜಾಡಿ. ಅದರಿಂದ ಕಣ್ಣು ಮುಚ್ಚಿ ಹತ್ತು ಚೀಟಿ ತೆಗೆದರೆ ಹತ್ತು ದಿನ ಬಸ್ಸು ಓಡಿಸಿದ ಹಾಗೆ. ಆ ಹತ್ತನ್ನು ಕೂಡುವುದು. ಮೊತ್ತ ಎಂಟುನೂರು ಮುಟ್ಟಿದರೆ ಸರಾಸರಿ ಎಂಬತ್ತು ಮುಟ್ಟಿದ ಹಾಗೆ, ಪುಸ್ತಕದಲ್ಲಿ ಒಂದು ಗೀಟು. ಮುಟ್ಟದಿದ್ದರೆ ಸೊನ್ನೆ. ಚೀಟಿಗಳನ್ನು ವಾಪಸು ಹಾಕಿ, ಕುಲುಕಿ, ಮತ್ತೆ ಹತ್ತು. ಹೀಗೆ ನೂರು ಸಲ. ಗೀಟು ಬಹಳ ಬಿದ್ದರೆ ಅಂಥ ಹತ್ತು ದಿನ ಯಾವ ಡ್ರೈವರಿಗಾದರೂ ಬರುತ್ತವೆ, ಭಾವ ನಿರಪರಾಧಿ. ಅಲ್ಲೊಂದು ಇಲ್ಲೊಂದು ಬಿದ್ದರೆ ಗ್ರಹಚಾರವನ್ನು ದೂರುವಂತಿಲ್ಲ.

ತೆಗೆಯುವುದಕ್ಕೆ ನನ್ನ ಕೈ ಆಗದು. ಮಡಿಕೆ ನೋಡಿಯೇ ಯಾವ ಚೀಟಿ ಎಂದು ಗುರುತಾಗುವಷ್ಟು ಹೊತ್ತು ಅವುಗಳ ಜೊತೆ ಕಳೆದಿದ್ದೆ. ಪಕ್ಷಪಾತವಿಲ್ಲದ ಕೈ ಬೇಕಿತ್ತು. ಓದು ಬಾರದ ಅಜ್ಜಿಯ ಕೈಗಿಂತ ನಿಷ್ಪಕ್ಷಪಾತವಾದ ಕೈ ಗುಬ್ಬಿಯಲ್ಲಿ ಇನ್ನಾವುದಿದೆ ಎಂದು ಯೋಚಿಸಿದೆ. ಈಗಲೂ ಆ ಯೋಚನೆ ತಪ್ಪು ಎನ್ನಲಾರೆ.

ಭಾನುವಾರ ಊಟವಾದ ಮೇಲೆ ಅಜ್ಜಿಯನ್ನು ಜಾಡಿಯ ಮುಂದೆ ಕೂರಿಸಿದೆ.

"ಏನ್ಲಾ ಇದು, ಶಕುನ ಕೇಳ್ತಿದೀಯಾ?"

"ಶಕುನ ಅಲ್ಲ ಅಜ್ಜಿ, ಸೈನ್ಸು. ಹತ್ತು ತೆಗೆದು ಮೊರಕ್ಕೆ ಹಾಕು."

ಅಜ್ಜಿ ತೆಗೆದಳು. ನಾನು ಬಿಚ್ಚಿ, ಮನಸ್ಸಿನಲ್ಲೇ ಕೂಡಿ, ಗೀಟು ಹಾಕಿ, ಚೀಟಿಗಳನ್ನು ಮತ್ತೆ ಜಾಡಿಗೆ ಸುರಿದೆ.

"ತೆಗ್ದಿದ್ದನ್ನ ಮತ್ತೆ ಯಾಕ್ಲಾ ಒಳಕ್ಕೆ ಹಾಕ್ತೀಯ?"

"ಹಾಕದಿದ್ರೆ ಜಾಡಿ ಖಾಲಿ ಆಗ್ತದೆ."

"ಖಾಲಿ ಆದ್ರೆ ಕೆಲ್ಸ ಮುಗೀತು ಅಂತ. ಅದು ಒಳ್ಳೇದಲ್ವಾ?"

ಆದರೂ ಅವಳು ತಾಳ್ಮೆಯಿಂದ ಕೂತಳು. ರಾಗಿ ಅಳೆಯುವಾಗಿನ ರಾಗದಲ್ಲೇ ಎಣಿಸಿದಳು. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನಬೇಕು. "ಲಾಭ, ಎರಡು, ಮೂರು..." ಎಂದು ಹತ್ತರ ತನಕ ಗಟ್ಟಿಯಾಗಿ ಹೇಳಿ ಮೊರವನ್ನು ನನ್ನ ಕಡೆ ತಳ್ಳುತ್ತಿದ್ದಳು. ಹತ್ತು ಎಂಬ ದನಿ ಕಿವಿಗೆ ಬಿದ್ದಾಗ ನನ್ನ ಕಣ್ಣು ಪುಸ್ತಕದ ಮೇಲಿರುತ್ತಿತ್ತು.

ಸಂಜೆ ಕಾಫಿಯ ಹೊತ್ತಿಗೆ ನೂರು ಸಲವೂ ಮುಗಿಯಿತು. ನೂರರಲ್ಲಿ ಎಂಬತ್ತಮೂರು ಗೀಟು! ಭಾವ ನಿರಪರಾಧಿ, ಅದೂ ಭರ್ಜರಿಯಾಗಿ. ಗೋಡೆಗೆ ಸುಣ್ಣ ಬಳಿದ ಅಜ್ಜಿಗೆ ಎರಡು ಲೋಟ ಕಾಫಿ ನಾನೇ ಮಾಡಿ ಕೊಟ್ಟೆ.

ಮರುದಿನ ಕಾಲೇಜಿಗೂ ಮೊದಲು ಮಂಡಿಗೆ ಓಡಿದೆ. ಸಾಹುಕಾರರು ಪುಸ್ತಕವನ್ನು ದೂರ ಹಿಡಿದು ಗೀಟುಗಳನ್ನು ನೋಡಿದರು. ಗುಮಾಸ್ತ ಅವರ ಹೆಗಲ ಮೇಲಿಂದ ಇಣುಕಿದ.

"ಜಾಡೀಲಿರೋ ಚೀಟಿಗಳ ಸರಾಸರಿ ಎಷ್ಟಂದ್ರಿ?"

"ಎಪ್ಪತ್ತೈದು."

"ಹತ್ತು ತೆಗೆದ್ರೆ ಮೊತ್ತ ಏಳ್ನೂರೈವತ್ತರ ಸುತ್ತ ಇರ್ಬೇಕು. ಒಂದ್ಸಲ ಮೇಲೆ, ಒಂದ್ಸಲ ಕೆಳಗೆ. ಹೌದಲ್ವ?"

"ಹೌದು."

"ಇಲ್ಲಿ ಎಂಬತ್ಮೂರು ಸಲ ಎಂಟ್ನೂರು ಮುಟ್ಟದೆ ಅಂತೀರಿ." ಪುಸ್ತಕ ಕೆಳಗಿಟ್ಟರು. "ಮೇಷ್ಟ್ರೇ, ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಕೊಡೋ ಆ ಜಾಡಿ ಎಲ್ಲಿ ಸಿಗ್ತದೆ? ನನ್ ಕೊಬ್ಬರಿ ಹಾಕಿ ನೋಡ್ಬೇಕು."

ಗುಮಾಸ್ತ ರಾಶಿಯ ಹಿಂದೆ ಹೋಗಿ ನಕ್ಕ. ಮೊದಲನೇ ವರ್ಷದ ಹುಡುಗ ಈ ತಪ್ಪು ಮಾಡಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದೆ. ಅಜ್ಜಿಯ ಮಳೆಯ ಮಾತಿಗೆ ಗೋಡೆ ತುಂಬ ಗೀಟು ಹಾಕಿದವನು, ನನಗೆ ಬೇಕಾದ ಉತ್ತರ ಬಂದ ಕೂಡಲೇ ಏನನ್ನೂ ಕೇಳದೆ ಒಪ್ಪಿಕೊಂಡಿದ್ದೆ.

"ಇನ್ನೊಂದು ವಾರ ತಗೊಳ್ಳಿ. ಅಲ್ಲೀವರ್ಗೂ ಪಾವಗಡದ ಮಾತು ಎತ್ತಲ್ಲ" ಎಂದರು ಸಾಹುಕಾರರು.

ಸಂಜೆ ಗುಬ್ಬಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಅಜ್ಜಿ, ನೀನು ಎಷ್ಟು ಚೀಟಿ ತೆಗೀತಿದ್ದೆ?"

"ಹತ್ತು ಕಣೋ. ನೀನೇ ಹೇಳಿದ್ಯಲ್ಲ."

"ತೆಗೆದು ತೋರ್ಸು."

ಜಾಡಿ ಬಂತು, ಮೊರ ಬಂತು. ಲಾಭ, ಎರಡು, ಮೂರು. ನಾನು ಕಣ್ಣು ಮಿಟುಕಿಸಲಿಲ್ಲ. ಒಂಬತ್ತು, ಹತ್ತು. ಹತ್ತು ಎಂದು ಬಾಯಿ ಮುಚ್ಚಿದ ಮೇಲೆ ಅವಳ ಕೈ ಸದ್ದಿಲ್ಲದೆ ಮತ್ತೊಮ್ಮೆ ಜಾಡಿಗೆ ಇಳಿಯಿತು, ಇನ್ನೊಂದು ಚೀಟಿ ಮೊರಕ್ಕೆ ಬಿತ್ತು, ಮೊರ ನನ್ನ ಕಡೆ ಸರಿಯಿತು.

"ಇದು ಏನು?"

"ಯಾವ್ದು?"

"ಈ ಹನ್ನೊಂದನೇದು!"

"ಹನ್ನೊಂದು ಎಲ್ಲೈತೆ? ಹತ್ತೇ. ಅದು ಕೊಸರು."

"ಯಾರಿಗೆ ಅಜ್ಜಿ ಕೊಸರು?"

"ಯಾರಿಗಾರ ಆಗ್ಲಿ. ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕ್ದೆ ಮೊರ ಕೊಡೋಕಾಗ್ತದಾ? ನಾನೇನ್ ಜಿಪುಣರ ಮನೇಲಿ ಹುಟ್ಟಿದ್ದೀನಾ?"

ನೂರು ಸಲವೂ ಹಾಕಿದ್ದಳು. ಎಣಿಕೆಯನ್ನು ಅವಳ ಬಾಯಿಗೆ ಬಿಟ್ಟಿದ್ದ ನಾನು ಹನ್ನೊಂದು ದಿನದ ಮೊತ್ತವನ್ನು ಹತ್ತು ದಿನದ್ದೆಂದು ಎಂಟುನೂರರ ಜೊತೆ ಹೋಲಿಸಿದ್ದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಪಕ್ಷಪಾತದ ಬಗ್ಗೆ ಅಧ್ಯಾಯಗಳೇ ಇದ್ದವು. ಕೊಸರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಹತ್ತೇ ಬೇಕು ಅಂದ್ರೆ ಹತ್ತೇ ತೆಗೀತೀನಿ ಬುಡು. ಆದ್ರೆ ಕೈ ಕೇಳಲ್ಲ" ಎಂದಳು ಅಜ್ಜಿ. ಕೈ ನಿಜವಾಗಿ ಕೇಳಲಿಲ್ಲ. ಮುಂದಿನ ಎರಡು ಸಂಜೆ ಅವಳು ಹತ್ತು ಎಂದಾಗಲೆಲ್ಲ ನಾನು ಮಣಿಕಟ್ಟು ಹಿಡಿದುಕೊಳ್ಳಬೇಕಾಯಿತು. ಪಕ್ಕದ ಮನೆಯವರೊಬ್ಬರು ಬೆಂಕಿ ಕೇಳಲು ಬಂದವರು ಬಾಗಿಲಲ್ಲೇ ನಿಂತು, ಮೊಮ್ಮಗ ಅಜ್ಜಿಯ ಕೈ ಹಿಡಿದು ಎಳೆಯುವುದನ್ನು ನೋಡಿ, ಬೆಂಕಿ ಕೇಳದೆ ಹೋದರು.

ನೂರು ಸಲಕ್ಕೆ ಮೂರು ಗೀಟು ಬಿದ್ದವು. ನಾಲ್ಕೂ ಇರಬಹುದು. ಆ ಪುಸ್ತಕ ಈಗ ಇಲ್ಲ, ನಾನು ಈ ಕತೆಯನ್ನು ಹೇಳಿದಷ್ಟೂ ಸಲ ಮೂರು ಎಂದೇ ಹೇಳಿದ್ದರಿಂದ ಅದು ಮೂರಾಗಿದೆ. ಐದಕ್ಕಿಂತ ಹೆಚ್ಚಿರಲಿಲ್ಲ ಎಂಬಷ್ಟು ಖಚಿತ, ಯಾಕೆಂದರೆ ಆ ಸಂಜೆ ಕಾಫಿ ಯಾರೂ ಮಾಡಲಿಲ್ಲ.

ಅಂದರೆ ಎಪ್ಪತ್ತೈದರ ಬಸ್ಸು ಬರೀ ಗ್ರಹಚಾರದಿಂದ ಹತ್ತು ದಿನ ಎಂಬತ್ತು ತೋರಿಸುವುದು ನೂರಕ್ಕೆ ಮೂರು ಸಲ. ಅಷ್ಟು ಅಪರೂಪದ ಕೆಟ್ಟ ಕಾಲ ಭಾವನನ್ನೇ ಹುಡುಕಿಕೊಂಡು ಬಂತೆಂದು ನಂಬುವುದಕ್ಕಿಂತ, ಹಿಂದಿನ ವರ್ಷ ಇಲ್ಲದ್ದೇನೋ ಈ ವರ್ಷ ಬಸ್ಸಿಗೆ ಸೇರಿಕೊಂಡಿದೆ ಎನ್ನುವುದೇ ಸುಲಭ. ಏನು ಅಂತ ಜಾಡಿ ಹೇಳುವುದಿಲ್ಲ. ಮಾತು ಕೊಟ್ಟ ವಾರ ಮುಗಿಯುತ್ತ ಬಂದಿತ್ತು. ಸುಮ್ಮನಿದ್ದುಬಿಡೋಣ, ಜಾಡಿ ಒಡೆಯಿತು ಎಂದುಬಿಡೋಣ ಎಂದೂ ಅನ್ನಿಸಿತು. ಕೊನೆಗೆ ಬಸ್ಸನ್ನೇ ಕಣ್ಣಾರೆ ನೋಡೋಣವೆಂದು ಭಾನುವಾರ ಕುಣಿಗಲ್ಲಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ.

ಅಕ್ಕನ ಮನೆ ಊರ ಅಂಚಿನಲ್ಲಿ, ತುಮಕೂರು ರಸ್ತೆಗೇ ಮುಖಮಾಡಿತ್ತು. ಸೋಮವಾರ ಬೆಳಿಗ್ಗೆ ಭಾವನ ಜೊತೆ ನಾನೂ ಬಸ್ ನಿಲ್ದಾಣಕ್ಕೆ ಹೋದೆ. ಅಕ್ಕ, "ನೀವು ನಡೀರಿ, ನಾನು ಇಲ್ಲೇ ಹತ್ಕೊತೀನಿ" ಎಂದಳು. ಬಸ್ಸು ನಿಲ್ದಾಣದಿಂದ ಸರಿಯಾದ ಸಮಯಕ್ಕೆ ಹೊರಟಿತು. ನಾನು ಗಡಿಯಾರ ಹಿಡಿದು, ದನ, ಸಂತೆ, ಪಂಕ್ಚರ್ ಎಲ್ಲಕ್ಕೂ ಸಿದ್ಧನಾಗಿ ಕೂತೆ. ಎರಡು ಫರ್ಲಾಂಗ್ ಹೋಗಿ ಬಸ್ಸು ಅಕ್ಕನ ಮನೆಯ ಮುಂದೆ ನಿಂತಿತು. ಭಾವ ಒಮ್ಮೆ ಮೆಲ್ಲಗೆ ಹಾರನ್ ಒತ್ತಿ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತ. ಇಬ್ಬರು ಗಂಡಸರು ಇಳಿದು ಬೀಡಿ ಹಚ್ಚಿದರು.

ಮಾರ್ಕೋನಹಳ್ಳಿ ಕಡೆಯಿಂದ ಅಕ್ಕಿ ಮೂಟೆ ತಂದಿದ್ದ ಒಬ್ಬ ನನ್ನ ಪಕ್ಕದಲ್ಲಿದ್ದ. "ಯಾಕೆ ನಿಂತಿದೆ?" ಎಂದು ಅವನನ್ನು ಕೇಳಿದೆ.

"ಟೀಚರಮ್ಮ ಜಡೆ ಹಾಕ್ಕೊತಾವ್ರೆ."

"ದಿನಾನಾ?"

"ದಿನಾ. ಶಾಲೆ ಶುರುವಾದಾಗ್ಲಿಂದ."

ಮುಂದಿನ ಸೀಟಿನ ಹೆಂಗಸು ತಿರುಗಿ, "ಜಡೆ ಆಗಿರ್ತದೆ ಕಣಣ್ಣ, ಹೂ ಮುಡ್ಕೊತಾ ಇರ್ತಾರೆ" ಎಂದಳು.

"ಇಲ್ಲ ಕಣಕ್ಕ, ಬೀಡಿ ಅರ್ಧ ಆಗ್ಲಿಲ್ಲ ಇನ್ನೂ. ಅರ್ಧ ಬೀಡಿಗೆ ಜಡೆ, ಪೂರ್ತಿ ಬೀಡಿಗೆ ಹೂವು."

ಐದೂವರೆ ನಿಮಿಷಕ್ಕೆ ಅಕ್ಕ ಹೊರಗೆ ಬಂದಳು. ಕನಕಾಂಬರ ಮುಡಿದಿದ್ದಳು. ಬೀಡಿಗಳು ಮುಗಿದಿದ್ದವು. ನನ್ನ ಇನ್ನೊಂದು ಪಕ್ಕಕ್ಕೆ ಬಂದು ಕೂತು, "ಯಾಕೋ ಗಡಿಯಾರನ ಹಂಗೆ ನೋಡ್ತಿದೀಯ?" ಎಂದು ಕೇಳಿದಳು.

ಹೇಳಿದೆ. ಜಾಡಿ, ಎಂಬತ್ತಮೂರು, ಕೊಸರು, ಮೂರು ಗೀಟು, ಐದೂವರೆ ನಿಮಿಷ. ಪಾವಗಡದ ಸುದ್ದಿಯನ್ನೇ ಭಾವ ಅವಳಿಗೆ ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ಅಕ್ಕನ ಮುಖ ಸಣ್ಣದಾಯಿತು. ಎದ್ದು ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಳು.

"ರೀ, ನನ್ನಿಂದ ಲೇಟಾಗ್ತದೆ ಅಂತ ಯಾಕ್ರೀ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಜಡೆ ಹಾಕ್ಕೋಬೇಡ ಅಂತ್ಲಾ?"

"ಮತ್ತೆ ಎಪ್ಪತ್ತೈದು ಅಂತ ಯಾಕೆ ವಾದ ಮಾಡಿದ್ರಿ?"

"ಗಾಡಿ ಓಡಿದ್ದು ಎಪ್ಪತ್ತೈದೇ ಕಣೇ. ನಿಂತಿದ್ದನ್ನ ಯಾರಾದ್ರೂ ಸೇರಿಸ್ತಾರಾ?"

ಅವನು ಸುಳ್ಳು ಹೇಳಿರಲಿಲ್ಲ. ಅಜ್ಜಿಯ ಹಾಗೆ ಅವನೂ ಹತ್ತು ಎಂದು ಬಾಯಿ ಮುಚ್ಚಿದ ಮೇಲೆ ಒಂದನ್ನು ಮೇಲೆ ಹಾಕುತ್ತಿದ್ದ, ಅಷ್ಟೆ. ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ತಿಳಿಯಲು ನಾನು ಇನ್ನೂರು ಸಲ ಜಾಡಿ ಕುಲುಕಿದ್ದೆ.

ಅವತ್ತೇ ಸಂಜೆ ಸಾಹುಕಾರರ ಮುಂದೆ ನಿಂತು, ನೂರಕ್ಕೆ ಮೂರೇ ಎಂದು ಒಪ್ಪಿಕೊಂಡೆ. ಅಜ್ಜಿಯ ಕೊಸರಿನ ವಿಷಯ ಕೇಳಿ ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ನಿಮ್ಮಜ್ಜಿ ಸರಿಯಾಗೇ ಮಾಡವ್ರೆ. ಕೊಸರನ್ನ ಲೆಕ್ಕಕ್ಕೆ ತಗೊಂಡಿದ್ದು ನಿಮ್ ತಪ್ಪು." ಆಮೇಲೆ ಕೇಳಿದರು: "ಗ್ರಹಚಾರ ಅಲ್ಲ ಅಂದ್ರೆ, ಮತ್ತೇನು?"

"ಒಂದು ಕಾರಣ ಇತ್ತು. ಇನ್ಮೇಲೆ ಇರಲ್ಲ."

"ಏನದು?"

ಅಕ್ಕನ ಜಡೆ ಎಂದು ಹೇಳುವ ಬದಲು ಪುಸ್ತಕದ ಹಾಳೆ ತಿರುವಿದೆ. ಗುಮಾಸ್ತ ಕೆಮ್ಮಿ, "ಟೀಚರಮ್ಮ" ಎಂದ. ಅವನಿಗೂ ಗೊತ್ತಿತ್ತು!

ಸಾಹುಕಾರರು ಕೊಬ್ಬರಿ ಬಟ್ಟಲೊಂದನ್ನು ಉಗುರಿನಿಂದ ಕೆರೆದರು. "ಹೆಂಡ್ತಿನ ಬಿಟ್ಟು ಹೊರಡೋ ಡ್ರೈವರ್ನ ನಾನೂ ನಂಬಲ್ಲ. ಆದ್ರೆ ಬಸ್ಸು ಹೊರಡ್ಬೇಕು. ಇನ್ನೊಂದು ಹತ್ತು ದಿನ ಬರ್ಸೋಣ. ಎಪ್ಪತ್ತೈದು ದಾಟಿದ್ರೆ ಪಾವಗಡ." ನಾನು ಹೊರಡುವಾಗ ಕರೆದರು. "ಹತ್ತು ದಿನದ ಮೇಲೆ ಒಂದು ದಿನ ಕೊಸರು, ಮೇಷ್ಟ್ರೇ. ನಾವೂ ಜಿಪುಣರಲ್ಲ."

ಮರುದಿನ ಬಸ್ಸು ಮನೆಯ ಹತ್ತಿರ ಬರುವ ಮೊದಲೇ ಅಕ್ಕ ರಸ್ತೆಯ ಪಕ್ಕ ನಿಂತಿದ್ದಳಂತೆ. ಕೂದಲು ಬಿಚ್ಚಿತ್ತು, ಬಾಚಣಿಗೆ ಹಲ್ಲಿನಲ್ಲಿತ್ತು, ರಿಬ್ಬನ್ನು ಕೈಯಲ್ಲಿ, ಹೂವು ಟಿಫಿನ್ ಡಬ್ಬಿಯ ಮೇಲೆ. ಬಸ್ಸು ಓಡುತ್ತಿರುವಾಗ ಹಿಂದಿನ ಸೀಟಿನ ಹೆಂಗಸು ಜಡೆ ಹೆಣೆದಳು. ಹಳ್ಳ ಬಂದ ಕಡೆ ಜಡೆ ಒಂದು ಮಗ್ಗುಲಿಗೆ ವಾಲಿತು. ಬೀಡಿಯವರು ಮಾತ್ರ ಗೊಣಗಿದರು. ಮಧ್ಯೆ ಬಂದ ಶುಕ್ರವಾರ ಅಕ್ಕ ಎಣ್ಣೆನೀರಿನ ಸ್ನಾನ ಬಿಟ್ಟಳು. ಹತ್ತು ದಿನದ ಸರಾಸರಿ ಎಪ್ಪತ್ತನಾಲ್ಕು. ಭಾವ ಅದೇ ಲೈನಿನಲ್ಲಿ ಉಳಿದ. ಅಕ್ಕ ಅದೇ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗುವ ತನಕ ಇದ್ದಳು.

ಹನ್ನೊಂದನೆಯ ದಿನ ಶುಕ್ರವಾರ. ಕಾಲು ನಿಲ್ಲದೆ ನಾನು ಅವತ್ತು ಮತ್ತೆ ಆ ಬಸ್ಸಿನಲ್ಲಿದ್ದೆ. ಬಸ್ಸು ಅಕ್ಕನ ಮನೆಯ ಮುಂದೆ ಒಂಬತ್ತು ನಿಮಿಷ ನಿಂತಿತು. ತುಮಕೂರಿನಲ್ಲಿ ಗುಮಾಸ್ತ ರಿಜಿಸ್ಟರ್ ತೆರೆದು, ನನ್ನ ಮುಖ ನೋಡಿ, ಏನನ್ನೂ ಬರೆಯದೆ ಮುಚ್ಚಿದ.

ಅಕ್ಕ ಇದನ್ನು ಒಪ್ಪುವುದಿಲ್ಲ. ಅವತ್ತು ರೇಡಿಯೇಟರಿಗೆ ನೀರು ಹಾಕಲು ಬಸ್ಸು ನಿಂತಿದ್ದು, ತಾನು ಮೊದಲೇ ಬಂದು ಕೂತಿದ್ದೆ ಎನ್ನುತ್ತಾಳೆ. ಇರಬಹುದು. ಮೂರೋ ನಾಲ್ಕೋ ಎಂದು ಹೇಳಲಾರದವನು ನಾನು, ಹೆಚ್ಚು ವಾದಿಸುವುದಿಲ್ಲ. ಆದರೆ ಅಕ್ಕ ಪಕ್ಕದಿಂದ ಎದ್ದು ಶಾಲೆಯ ಮುಂದೆ ಇಳಿದ ಮೇಲೂ, ತುಮಕೂರು ಮುಟ್ಟುವ ತನಕ ನಾನು ಕೂತಿದ್ದ ಸೀಟು ಸೀಗೆಕಾಯಿಯ ವಾಸನೆ ಹೊಡೆಯುತ್ತಿತ್ತು.